ಕರೆಂಟಿಲ್ಲದ ಡಬ್ಬಿ

"ರೋಟರಿ ಸ್ವಿಚ್ಚು ಒಂದು, ಎಪ್ಪತ್ತು ರೂಪಾಯಿ. ಸಾಕೆಟ್ಟು ಹತ್ತು, ಒಂದಕ್ಕೆ ಹದಿನೈದರಂಗೆ ನೂರೈವತ್ತು. ಶೀಲ್ಡ್ ವೈರು ಮೂರು ಮೀಟರ್, ಅರವತ್ತು. ತಿರುಗಿಸೋ ಗುಂಡಿ ಇಪ್ಪತ್ತೈದು. ಡಬ್ಬಿ ನೂರಹತ್ತು. ಒಟ್ಟು ನಾನೂರ ಹದಿನೈದು. ಮಜೂರಿ ಮುನ್ನೂರು ಹಾಕಿದ್ದೆ. ಕರಿಸಿದ್ದಪ್ಪ ಸಾರ್ ಏಳುನೂರು ಕೊಟ್ರು, ಮೇಡಂ. ಹದಿನೈದು ರೂಪಾಯಿ ನಾನೇ ಬಿಟ್ಟೆ."

ರೇಣುಕಾಪ್ರಸಾದ್ ಚೀಟಿಯನ್ನು ಮಡಿಸಿ ವನಜಮ್ಮನ ಕೈಗೆ ಕೊಟ್ಟ.

"ಡಬ್ಬಿ ಅಂದ್ರೆ ಎಂಥ ಡಬ್ಬಿ?"

"ಪಾತ್ರೆ ಅಂಗಡೀದು. ಊಟದ ಡಬ್ಬಿ, ಸ್ಟೀಲಿಂದು."

"ಆ ಸ್ಟೀಲಿಗೇ ಆವಯ್ಯ ಸತ್ತಿದ್ದು ಅಂತಾರೆ ಪೊಲೀಸ್ನೋರು."

"ಪ್ಲಾಸ್ಟಿಕ್ ಡಬ್ಬಿ ನಲವತ್ತಕ್ಕೆ ಸಿಗ್ತಿತ್ತು ಮೇಡಂ. ದುಡ್ಡು ಉಳಿಸೋನಾಗಿದ್ರೆ ಅದನ್ನೇ ಹಾಕ್ತಿದ್ದೆ. ಪ್ಲಾಸ್ಟಿಕ್ ಹಾಕಿದ್ರೆ ಮನೆಯೊಳಗಿನ ಕರೆಂಟಿನ ಗುಂಯ್ ಸದ್ದೆಲ್ಲಾ ಹಾಡಿನ ಜೊತೆ ಸೇರ್ಕೊತದೆ. ಸ್ಟೀಲು ಅದನ್ನ ತಡೀತದೆ. ಸಾರ್‌ಗೆ ಹಾಡು ಚೊಕ್ಕವಾಗಿ ಕೇಳ್ಬೇಕಿತ್ತು, ಅದಕ್ಕೇ ಹಾಕ್ದೆ."

ಕುಣಿಗಲ್ಲಿನ ಕರಿಸಿದ್ದಪ್ಪನವರು ಹತ್ತೊಂಬತ್ತು ದಿನದ ಹಿಂದೆ, ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ಒದ್ದೆ ಕಾಲಿನಲ್ಲೇ ಆ ಡಬ್ಬಿಯ ಗುಂಡಿಗೆ ಕೈ ಹಾಕಿದವರು ಮತ್ತೆ ಏಳಲಿಲ್ಲ. ಡಬ್ಬಿ ಮಾಡಿಕೊಟ್ಟ ತಪ್ಪಿಗೆ ಗುಬ್ಬಿಯ ರೇಡಿಯೋ ರಿಪೇರಿ ರೇಣುಕಾಪ್ರಸಾದನ ಮೇಲೆ ನಿರ್ಲಕ್ಷ್ಯದ ಕೇಸು ಬಿದ್ದಿತ್ತು.

ಅಂಗಡಿಗೆ ಸೀಲು. ಸೋಮವಾರ ಚಾರ್ಜ್‌ಶೀಟು. ಇವತ್ತು ಶುಕ್ರವಾರ.

ವನಜಮ್ಮ ಮೂವತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು, ತುಮಕೂರಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಈಗ ರೇಣುಕಾಪ್ರಸಾದನ ವಕೀಲ ಬಸವಪ್ರಭುಗಳ ಕಡೆಯಿಂದ ನಾಲ್ಕು ಕಡೆ ಹೋಗಿ ವಿಚಾರಿಸಿಕೊಂಡು ಬರುವ ಕೆಲಸ ಮಾಡುತ್ತಿದ್ದರು. ಕರೆಂಟಿನ ವಿಷಯ ಅವರಿಗೆ ತಿಳಿಯದು. ಮನುಷ್ಯರ ವಿಷಯ ಅಷ್ಟಿಷ್ಟು ತಿಳಿದಿತ್ತು.

"ಅದರೊಳಗೆ ಏನಿರ್ತದೆ ಅಂತ ನನಗೆ ತೋರಿಸು. ನನಗೆ ಅರ್ಥ ಆದ್ರೆ ಜಡ್ಜಿಗೂ ಅರ್ಥ ಆಗ್ತದೆ."

ರೇಣುಕಾಪ್ರಸಾದ್ ಒಳಗೆ ಹೋಗಿ ಒಂದು ಕವರ್ ತಂದು ಜಗಲಿಯ ಮೇಲೆ ಸುರಿದ. ಅಂಥದೇ ಸ್ಟೀಲ್ ಡಬ್ಬಿ, ಅಂಥವೇ ಸಾಮಾನು.

"ಬೆಳ್ಳಾವಿ ಮೇಷ್ಟ್ರೊಬ್ಬರು ಮಾಡ್ಕೊಡು ಅಂದಿದ್ರು. ಪೇಪರ್‌ನಲ್ಲಿ ನನ್ನ ಹೆಸರು ಬಂದ ಮಾರನೇ ದಿನವೇ ಬೇಡ ಅಂತ ಫೋನ್ ಮಾಡಿದ್ರು."

"ಮೇಷ್ಟ್ರು ಒಬ್ಬರೇ ಅಲ್ಲ," ಒಳಗಿನಿಂದ ಅವನ ಹೆಂಡತಿ ಕಾವ್ಯಳ ಧ್ವನಿ ಬಂತು. ಅವಳು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. "ದಿನಾ ಇಬ್ಬರು ಬಂದು ನಮ್ಮ ಮಿಕ್ಸಿ ಕೊಡಿ, ನಮ್ಮ ಟೀವಿ ಕೊಡಿ ಅಂತಾರೆ. ಸೀಲ್ ಹಾಕವ್ರೆ ಅಂದ್ರೆ, ಕಿಟಕಿಯಿಂದ ತೆಗೆದುಕೊಡು ಅಂತಾರೆ. ಹನ್ನೊಂದು ವರ್ಷದಿಂದ ಬರ್ತಿದ್ದೋರು ಮೇಡಂ."

ರೇಣುಕಾಪ್ರಸಾದ್ ಡಬ್ಬಿಯ ಹಿಂಬದಿಯಲ್ಲಿ ಮೊದಲೇ ಕೊರೆದಿಟ್ಟಿದ್ದ ಹತ್ತು ತೂತುಗಳಿಗೆ ಸಾಕೆಟ್ಟುಗಳನ್ನು ಕೂರಿಸತೊಡಗಿದ. ಕೆಲಸ ಕೈಗೆ ಬಂದ ಕೂಡಲೇ ಅವನ ಮುಖ ಸ್ವಲ್ಪ ಸಡಿಲವಾಯಿತು.

"ರೆಕಾರ್ಡ್ ಪ್ಲೇಯರ್‌ದು ಎರಡು ವೈರು, ಎಡಕ್ಕೊಂದು ಬಲಕ್ಕೊಂದು. ಟೇಪಿಂದು ಎರಡು. ರೇಡಿಯೋದು ಎರಡು. ಮೊಬೈಲಿಂದು ಎರಡು. ಎಂಟು ಒಳಗೆ ಬರ್ತವೆ. ಎರಡು ಆಚೆ ಹೋಗ್ತವೆ, ಆಂಪ್ಲಿಫೈಯರ್‌ಗೆ. ಗುಂಡಿ ಯಾವುದರ ಮೇಲೆ ನಿಲ್ತದೋ ಅದರ ಹಾಡು ಮಾತ್ರ ಆಚೆ ಹೋಗ್ತದೆ, ಅಷ್ಟೇ. ಸಾರ್‌ಗೆ ಸೊಂಟ ನೋವು. ಬೆಳಿಗ್ಗೆ ಟೇಪಲ್ಲಿ ವಚನ, ಆಮೇಲೆ ರೇಡಿಯೋ, ಸಂಜೆ ರೆಕಾರ್ಡು. ಒಂದೊಂದು ಸಲವೂ ಬಗ್ಗಿ ಕಪಾಟಿನ ಹಿಂದೆ ಕೈ ಹಾಕಿ ವೈರು ಕಿತ್ತು ಬೇರೆ ಸಿಕ್ಕಿಸ್ಬೇಕಿತ್ತು. 'ಬಗ್ಗದೇ ಇರೋ ಹಂಗೆ ಏನಾದ್ರೂ ಮಾಡ್ಕೊಡಪ್ಪ' ಅಂದ್ರು."

ಮಾತಾಡುತ್ತಲೇ ಅವನು ಜೇಬಿನಿಂದ ನೇಲ್ ಕಟರ್ ತೆಗೆದು, ವೈರಿನ ತುದಿಯನ್ನು ಅದರ ಬಾಯಿಗೆ ಕೊಟ್ಟು, ಮೆಲ್ಲಗೆ ಒತ್ತಿ ಒಂದು ಸುತ್ತು ತಿರುಗಿಸಿ ಎಳೆದ. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಉಂಗುರದಂತೆ ಕಳಚಿ ಬಂತು. ತಂತಿಯ ಒಂದು ಎಳೆಯೂ ತುಂಡಾಗಲಿಲ್ಲ.

"ಯಾವಾಗ್ಲೂ ಇದರಲ್ಲೇ ಸುಲಿಯೋದಾ?"

"ಕಲಿತಾಗಿಂದ. ಉಗುರು ಕತ್ತರಿಸೋಕೆ ಕಾವ್ಯ ಬೇರೆ ಇಟ್ಕೊಂಡವ್ಳೆ."

ವನಜಮ್ಮ ಆ ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಚಾಕುವಿನಿಂದ ಬಾಳೆಹಣ್ಣು ಕೊಯ್ದ ಹಾಗೆ ಸಾಫಾಗಿತ್ತು.

"ಇದಕ್ಕೆ ಪ್ಲಗ್ ಎಲ್ಲಿ?"

"ಪ್ಲಗ್ಗೇ ಇಲ್ಲ ಮೇಡಂ! ಸ್ಟೇಷನ್ನಲ್ಲೂ ಅದನ್ನೇ ಬಡ್ಕೊಂಡೆ. ಕರೆಂಟೂ ಇಲ್ಲ, ಸೆಲ್ಲೂ ಇಲ್ಲ. ಸಂತೆ ಬಾಗಿಲಿನ ಗೇಟ್ ಇದ್ದಂಗೆ ಇದು. ಗೇಟು ಯಾರನ್ನಾದ್ರೂ ಕಚ್ತದಾ?"

"ಸರಿ, ಕರೆಂಟಿಲ್ಲದ ಡಬ್ಬಿ. ಆದ್ರೂ ಅದನ್ನ ಮುಟ್ಟಿದೋನು ಸತ್ತ. ಹೆಂಗೆ?"

"ಆಂಪ್ಲಿಫೈಯರ್ ಕಡೆಯಿಂದ ಬಂದಿರ್ಬೇಕು. ಅದು ಹಳೇದು, ಒಳಗಿನ ಟ್ರಾನ್ಸ್‌ಫಾರ್ಮರು ಸ್ವಲ್ಪ ಸೋರ್ತದೆ. ಅದರ ಮೈಗೆ ಕರೆಂಟ್ ಬಂದ್ರೆ ವೈರಿನ ಮೇಲಿರೋ ತಂತಿ ಜಾಲರಿ ಹಿಡ್ಕೊಂಡು ಈ ಡಬ್ಬಿ ಮೈಗೂ ಬರ್ತದೆ. ಆದ್ರೆ ಮೂರು ಪಿನ್ನಿನ ಪ್ಲಗ್ ಇತ್ತಲ್ಲ! ಮೂರನೇದು, ಆ ಹಸಿರು ವೈರು, ಸೋರಿದ್ದನ್ನೆಲ್ಲಾ ನೆಲಕ್ಕೆ ಇಳಿಸಿಬಿಡ್ತದೆ. ಅದು ಇರೋವರೆಗೂ ಏನೂ ಆಗಂಗಿಲ್ಲ."

ವನಜಮ್ಮ ಫೋನ್ ತೆಗೆದರು. ಪ್ಲಗ್ಗನ್ನು ಲ್ಯಾಬಿಗೆ ಕಳಿಸುವ ಮೊದಲು ಕುಣಿಗಲ್ ಎಸ್ಐ ರವಿಕಿರಣ್ ಹಳೆಯ ಪರಿಚಯದ ಮೇಲೆ ಒಂದು ಸಲ ನೋಡಲು ಬಿಟ್ಟಿದ್ದ, ಫೋಟೊ ತೆಗೆದುಕೊಳ್ಳಲೂ ಬಿಟ್ಟಿದ್ದ. ಬಿಳಿಯ ಪ್ಲಗ್ಗು, ಮೇಲಿನ ಮುಚ್ಚಳ ಬಿಚ್ಚಿದ್ದು. ಫೋಟೊ ದೊಡ್ಡದು ಮಾಡಿ ತೋರಿಸಿದರು.

ರೇಣುಕಾಪ್ರಸಾದ್ ನೋಡಿದ. ಸ್ಕ್ರೂಡ್ರೈವರ್ ಕೆಳಗಿಟ್ಟ.

"ಹಸಿರು ಎಲ್ಲಿ ಮೇಡಂ?"

"ಬುಡದಲ್ಲೇ ಕತ್ತರಿಸವ್ರೆ. ಉಳಿದ ಎರಡು ವೈರಿನ ತುದಿ ನೋಡು. ಇಲಿ ಕಡಿದ ಹಾಗಿದೆ. ನಿನ್ನ ಉಂಗುರದ ಕೆಲಸ ಅಲ್ಲ ಇದು."

"ನಾನು ಪ್ಲಗ್ ಮುಟ್ಟೇ ಇಲ್ಲ. ಸೋಮವಾರ ಡಬ್ಬಿ ಕೊಟ್ಟು ಬಂದೆ. ಮಂಗಳವಾರ ಸಾರ್ ಫೋನ್ ಮಾಡಿ, ಸ್ವಲ್ಪ ಗುಂಯ್ ಅಂತದೆ ಅಂದ್ರು. ಭಾನುವಾರ ಬಂದು ಸರಿ ಮಾಡ್ತೀನಿ ಅಂದೆ. 'ಅಲ್ಲಿವರೆಗೂ ಯಾರು ಕಾಯ್ತಾರೆ ಬುಡು, ಇಲ್ಲೇ ಯಾರಿಗಾದ್ರೂ ತೋರಿಸ್ತೀನಿ' ಅಂದ್ರು. ಭಾನುವಾರ ಬೆಳಿಗ್ಗೆ ಶರ್ಟ್ ಹಾಕ್ಕೊಳ್ತಿದ್ದೆ, ಹೊರಡೋಕೆ. ಆಗ ಫೋನ್ ಬಂತು, ಸಾರ್ ಹೋಗ್ಬಿಟ್ರು ಅಂತ."

"ಸೋಮವಾರದಿಂದ ಭಾನುವಾರದೊಳಗೆ ನೀನು ಕುಣಿಗಲ್‌ಗೆ ಹೋಗಲೇ ಇಲ್ಲ?"

"ಇಲ್ಲ ಮೇಡಂ."

ಒಳಗೆ ಹೊಲಿಗೆ ಯಂತ್ರ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ಕತ್ತರಿಸಿದೋರು ಸಿಗ್ತಾರೆ ಬಿಡು," ಎಂದರು ವನಜಮ್ಮ, ಎದ್ದು ಸೆರಗು ಕೊಡವುತ್ತಾ. "ಕುಣಿಗಲ್ ಅಷ್ಟೇನೂ ದೊಡ್ಡ ಊರಲ್ಲ."

* * *

ಕರಿಸಿದ್ದಪ್ಪನವರ ಮನೆ ಕೆರೆ ಕಡೆಗೆ ಹೋಗುವ ಬೀದಿಯಲ್ಲಿತ್ತು. ಬಾಗಿಲು ತೆಗೆದದ್ದು ಅವರ ಮಗಳು ಮಾಲಿನಿ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ತಾಯಿ ತೀರಿಕೊಂಡ ಮೇಲೆ ತಂದೆ ಮಗಳು ಇಬ್ಬರೇ ಇದ್ದ ಮನೆ. ದೂರು ಕೊಟ್ಟವಳೂ ಇವಳೇ.

ವನಜಮ್ಮ ಯಾರ ಕಡೆಯಿಂದ ಬಂದವರೆಂದು ಮುಚ್ಚಿಡಲಿಲ್ಲ. ಆದರೂ ಮಾಲಿನಿ ಒಳಗೆ ಕರೆದು ಕಾಫಿ ಕೊಟ್ಟಳು.

"ಅವರು ಜೈಲಿಗೆ ಹೋಗ್ಲಿ ಅನ್ನೋ ಆಸೆ ನನಗಿಲ್ಲ ಮೇಡಂ. ಇನ್ನೊಬ್ಬರ ಮನೇಲಿ ಹಿಂಗಾಗಬಾರದು, ಅಷ್ಟೇ."

ಕಪಾಟಿನ ಮೇಲೆ ಆಂಪ್ಲಿಫೈಯರ್ ಇತ್ತು. ಮೇಲೊಂದು ಕಸೂತಿ ಬಟ್ಟೆ. ಪೊಲೀಸರು ಪ್ಲಗ್ಗಿನ ಜೊತೆ ಗೇಣುದ್ದ ವೈರನ್ನೂ ಕತ್ತರಿಸಿಕೊಂಡು ಹೋಗಿದ್ದರಿಂದ ಉಳಿದ ವೈರು ಬಾಲದಂತೆ ನೇತಾಡುತ್ತಿತ್ತು.

"ಡಬ್ಬಿ ಬಂದ ಮೇಲೆ ಇದನ್ನ ಯಾರಾದ್ರೂ ರಿಪೇರಿ ಗಿಪೇರಿ ಅಂತ ಮುಟ್ಟಿದ್ರೇನಮ್ಮ?"

"ಇಲ್ಲ. ಯಾರೂ ಇಲ್ಲ."

ಪ್ರಶ್ನೆ ಪೂರ್ತಿಯಾಗುವ ಮೊದಲೇ ಉತ್ತರ ಬಂದಿತ್ತು. ವನಜಮ್ಮ ಕಾಫಿ ಕುಡಿದರು. ಮಾತು ಬೇರೆ ಕಡೆ ತಿರುಗಿಸಿದರು.

"ಅಪ್ಪಾಜಿಗೆ ಸ್ನೇಹಿತರು ಜಾಸ್ತಿನಾ?"

"ಜಾಸ್ತಿ ಇಲ್ಲ. ಸಂಜೆ ಕೆರೆ ಏರಿ ಮೇಲೆ ವಾಕಿಂಗ್ ಹೋಗೋರು, ಗಂಗರಾಜು ಮಾಮನ ಜೊತೆ. ಮೈಕ್ ಸೆಟ್, ಶಾಮಿಯಾನ ಇಟ್ಟಿದ್ದಾರಲ್ಲ, ಅವರು. ಇಬ್ಬರದೂ ಹಾಡಿನ ಹುಚ್ಚು."

ಮೈಕ್ ಸೆಟ್ ಇಟ್ಟಿರುವ ಸ್ನೇಹಿತ. ಗುಂಯ್ ಎನ್ನುವ ಆಂಪ್ಲಿಫೈಯರ್. ಭಾನುವಾರದವರೆಗೆ ಕಾಯಲಾರದ ಮನುಷ್ಯ.

ವನಜಮ್ಮ ಲೋಟ ಕೆಳಗಿಟ್ಟರು. ಬಸ್ ನಿಲ್ದಾಣದ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎರಡು ಮೀಟರ್ ಮೂರೆಳೆ ವೈರು, ಒಂದು ಮೂರು ಪಿನ್ನಿನ ಪ್ಲಗ್ಗು ಕೊಂಡು ಚೀಲಕ್ಕೆ ಹಾಕಿಕೊಂಡರು.

* * *

ಗಂಗರಾಜು ತನ್ನ ಗೋಡೌನಿನ ಮುಂದೆ ಸ್ಟೂಲಿನ ಮೇಲೆ ಕುಳಿತು ಸೀರಿಯಲ್ ಸೆಟ್ಟಿನ ಬಲ್ಬುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ. ಐವತ್ತೈದರ ಆಸುಪಾಸು. ಹಿಂದೆ ಬಿದಿರು ಗಳ, ಮಡಿಸಿದ ಶಾಮಿಯಾನ, ಆಳೆತ್ತರದ ಸ್ಪೀಕರ್ ಬಾಕ್ಸುಗಳು.

"ಬನ್ನಿ ಅಕ್ಕ. ಮದುವೆನಾ, ತಿಥಿನಾ?"

"ಯಾಕಪ್ಪ, ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಇಲ್ಲ ಅಕ್ಕ. ಎರಡಕ್ಕೂ ಬರೋರು ರೇಟಿಗೆ ಒಂದೇ ಮುಖ ಮಾಡ್ತಾರೆ. ಬಾಕ್ಸೂ ಅವೇ, ಕುರ್ಚೀನೂ ಅವೇ. ಹಾಡು ಮಾತ್ರ ಬೇರೆ."

ನಕ್ಕಾಗ ಅವನ ಮೇಲಿನ ಮುಂದಿನ ಹಲ್ಲಿನ ಒಂದು ಮೂಲೆ ಮುರಿದಿರುವುದು ಕಾಣಿಸಿತು.

"ಎರಡೂ ಅಲ್ಲ. ಮಿಕ್ಸಿಗೆ ಹೊಸ ವೈರು ತಗೊಂಡೆ. ಅಂಗಡಿಯೋನು ಪ್ಲಗ್ ಹಾಕ್ಕೊಡಲ್ಲ ಅಂದ. ನಿಂಗೆ ಇದೇನು ಎರಡು ನಿಮಿಷದ ಕೆಲಸ."

"ಕೊಡಿ ಇತ್ಲಾಗೆ."

ಗಂಗರಾಜು ವೈರಿನ ತುದಿಯನ್ನು ಸೀಳಿ ಮೂರೂ ಎಳೆಗಳನ್ನು ಬಿಡಿಸಿದ. ಕೆಂಪನ್ನು ಬಾಯಿಗಿಟ್ಟು ಕಟಕ್ಕನೆ ಕಚ್ಚಿ ಎಳೆದು ಸಿಪ್ಪೆ ಉಗುಳಿದ. ಕಪ್ಪನ್ನೂ ಹಾಗೆಯೇ. ಮೂರನೆಯದು ಹಸಿರು. ಅದನ್ನು ಬಾಯಿಗಿಡಲಿಲ್ಲ. ಕಟಿಂಗ್ ಪ್ಲೇಯರ್ ತೆಗೆದುಕೊಂಡು ಬುಡಕ್ಕೆ ಕತ್ತರಿಸಿ, ತುಂಡನ್ನು ಪಕ್ಕಕ್ಕೆಸೆದು, ಪ್ಲಗ್ಗಿನ ಮುಚ್ಚಳ ಬಿಚ್ಚತೊಡಗಿದ. ಇಷ್ಟೂ ಹೊತ್ತು ಮಾತು ನಿಲ್ಲಿಸಿರಲಿಲ್ಲ.

"ಮಿಕ್ಸಿ ಯಾವ ಕಂಪನಿ ಅಕ್ಕ? ಈಗಿನವು ಚಟ್ನಿಗೇ ಉಸಿರು ಬಿಡ್ತವೆ..."

"ಹಸಿರು ಯಾಕೆ ಕತ್ತರಿಸಿದೆ?"

"ಹಾ?"

"ಹಸಿರು ವೈರು."

ಗಂಗರಾಜು ಕೆಳಗೆ ಬಿದ್ದಿದ್ದ ತುಂಡನ್ನು ನೋಡಿದ, ತಾನೇ ಕತ್ತರಿಸಿದ್ದೆಂದು ಆಗಷ್ಟೇ ತಿಳಿದವನಂತೆ.

"ಅಯ್ಯೋ. ಅಭ್ಯಾಸ ಅಕ್ಕ. ಅದಿದ್ರೆ ಬಾಕ್ಸಲ್ಲಿ ಗುಂಯ್ ಅಂತದೆ."

"ಮಿಕ್ಸಿ ಹೆಂಗಿದ್ರೂ ಗುಂಯ್ ಅನ್ನಲೇಬೇಕಲ್ಲಪ್ಪ."

ಅವನು ನಕ್ಕ. "ಮೂವತ್ತು ವರ್ಷದಿಂದ ಇದೇ ಕೈ ಅಕ್ಕ. ಬಯಲಲ್ಲಿ ಶಾಮಿಯಾನ ಹಾಕ್ತೀವಿ, ಕಂಬದಿಂದ ಎರಡು ವೈರು ಎಳೀತೀವಿ. ಅಲ್ಲಿ ಈ ಹಸಿರಿಗೆ ಅರ್ಥ್ ಎಲ್ಲಿ ಬರ್ಬೇಕು? ಮೈಕ್ ಸೆಟ್ಟಿನೋರು ಯಾರನ್ನ ಬೇಕಾದ್ರೂ ಕೇಳಿ. ಗುಂಯ್ ಅಂತು ಅಂದ್ರೆ ಮೊದಲು ಹಸಿರು ಕಟ್. ಬೇರೆ ವೈರು ಹಾಕ್ಕೊಡ್ತೀನಿ ತಡೀರಿ, ದುಡ್ಡು ಬೇಡ."

"ವೈರು ಹಂಗೇ ಇರಲಿ," ಎಂದರು ವನಜಮ್ಮ. ಫೋನ್ ತೆಗೆದು, ಅವನು ಕಚ್ಚಿದ ವೈರಿನ ಪಕ್ಕದಲ್ಲೇ ಹಿಡಿದರು.

ಫೋಟೊದಲ್ಲಿ ಬಿಳಿಯ ಪ್ಲಗ್ಗು. ಕೆಂಪು ಕಪ್ಪು ಎರಡೂ ತುದಿಗಳಲ್ಲಿ ಹಲ್ಲಿನ ಗುರುತು. ಒಂದು ಕಡೆ ಆಳ, ಒಂದು ಕಡೆ ಮೇಲೆ ಮೇಲೆ. ಸ್ಟೂಲಿನ ಮೇಲಿದ್ದ ವೈರಿನಲ್ಲೂ ಅದೇ ಗುರುತು, ಒಂದು ಕಡೆ ಆಳ, ಒಂದು ಕಡೆ ಮೇಲೆ ಮೇಲೆ. ಹಸಿರು ಎರಡರಲ್ಲೂ ಬುಡಕ್ಕೆ ಕತ್ತರಿಸಿದ್ದು.

"ಇದು ಕರಿಸಿದ್ದಪ್ಪನವರ ಆಂಪ್ಲಿಫೈಯರ್‌ದು ಗಂಗರಾಜು."

ಸೀರಿಯಲ್ ಸೆಟ್ಟಿನ ಬಲ್ಬುಗಳು ಅವನ ಕಾಲ ಬಳಿ ಹತ್ತಿ ಆರುತ್ತಿದ್ದವು. ಅವನು ಬಗ್ಗಿ ಅದರ ಸ್ವಿಚ್ ಆರಿಸಿದ. ಮತ್ತೆ ಸ್ಟೂಲಿಗೆ ಬರದೆ ಒಂದು ಸ್ಪೀಕರ್ ಬಾಕ್ಸಿನ ಮೇಲೆ ಕುಳಿತ.

"ನೀವು ಪೊಲೀಸಾ?"

"ಆಗಿದ್ದೆ. ಈಗ ಗುಬ್ಬಿ ರೇಣುಕಾಪ್ರಸಾದನ ವಕೀಲರ ಕಡೆಯೋಳು. ಹೆಸರು ವನಜಮ್ಮ. ಸುಳ್ಳು ಹೇಳಿ ನಿನ್ನ ಕೈಲಿ ವೈರು ಕಚ್ಚಿಸಿದೆ, ಅದು ನನ್ನ ತಪ್ಪು. ಆದ್ರೆ ಆ ಹುಡುಗ ಮಾಡದೇ ಇರೋದಕ್ಕೆ ಅವನ ಅಂಗಡಿಗೆ ಬೀಗ ಬಿದ್ದಿದೆ. ಸೋಮವಾರ ಅವನೊಬ್ಬನ ಹೆಸರೇ ಚಾರ್ಜ್‌ಶೀಟಿಗೆ ಹೋದ್ರೆ ಗುಬ್ಬೀಲಿ ಅವನ ಕೈಗೆ ಯಾರೂ ಒಂದು ಟಾರ್ಚ್ ಕೂಡ ಕೊಡಲ್ಲ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ಯಾ?"

ಗಂಗರಾಜು ಅಂಗೈಯಿಂದ ಮುಖ ಒರೆಸಿಕೊಂಡ.

"ಸಾರ್ ಮಣ್ಣಿಗೆ ಹೆಗಲು ಕೊಟ್ಟೋನು ನಾನು. ಅವರ ಮನೆ ಮುಂದೆ ಶಾಮಿಯಾನ ಕಟ್ಟೋವಾಗ ಮೂರು ಸಲ ಗಂಟು ಬಿಚ್ಚೋಯ್ತು. ಕೆಲಸದ ಹುಡುಗರು, ಕುಡಿದವ್ನೆ ಅಂದ್ಕೊಂಡ್ರು. ನಾನು ಕುಡಿಯಲ್ಲ ಅಕ್ಕ."

ವನಜಮ್ಮ ಕಾದರು. ಇಂಥ ಹೊತ್ತಿನಲ್ಲಿ ಕೇಳುವುದಕ್ಕಿಂತ ಕಾಯುವುದು ಮೇಲೆಂದು ಸ್ಟೇಷನ್ನಿನ ಬೆಂಚೇ ಅವರಿಗೆ ಕಲಿಸಿತ್ತು.

"ಬುಧವಾರ ಸಂಜೆ ವಾಕಿಂಗಲ್ಲಿ ಹೇಳಿದ್ರು, ಗುಂಯ್ ಅಂತದೆ ಕಣೋ ಗಂಗ, ಬಂದು ನೋಡು ಅಂತ. ಹಂಗೇ ಮನೆಗೆ ಹೋದೆ. ಪ್ಲಗ್ ಬಿಚ್ಚಿ ಹಸಿರು ಕತ್ತರಿಸಿ, ಉಳಿದ ಎರಡು ತುದಿ ಹೊಸದಾಗಿ ಸುಲಿದು ಹಾಕ್ದೆ. ಗುಂಯ್ ನಿಂತೋಯ್ತು. ಸಾರ್ ಒಂದು ಹಳೇ ರೆಕಾರ್ಡ್ ಹಾಕಿದ್ರು. ಎಷ್ಟು ಖುಷಿ ಗೊತ್ತಾ? 'ಆ ಗುಬ್ಬಿಯೋನು ಭಾನುವಾರದವರೆಗೂ ಕಾಯಿಸ್ತಿದ್ದ, ನೀನು ಎರಡು ನಿಮಿಷದಲ್ಲಿ ಮಾಡ್ದೆ ನೋಡು' ಅಂದ್ರು. ನಾನೂ ಉಬ್ಬಿದೆ. ಉಬ್ಬಿದ್ದೇ ಬಂತು."

"ಇಷ್ಟನ್ನ ಬರೆದುಕೊಟ್ರೆ ಸಾಕು ಗಂಗರಾಜು. ಬೇಕಂತ ಮಾಡಿದ್ದಲ್ಲ. ನಿನಗೂ ವಕೀಲರನ್ನ ನಾನೇ ಹುಡುಕಿಕೊಡ್ತೀನಿ."

"ಪೂರ್ತಿ ಕೇಳಿ ಅಕ್ಕ. ಇಷ್ಟೇ ಆಗಿದ್ರೆ ಅವತ್ತೇ ಸ್ಟೇಷನ್‌ಗೆ ಹೋಗ್ತಿದ್ದೆ."

ಅವನು ಎದ್ದು ಒಳಗೆ ಹೋದ. ಡಬ್ಬಗಳನ್ನು ಸರಿಸುವ ಸದ್ದು. ಬರುವಾಗ ಅವನ ಅಂಗೈಯಲ್ಲಿ ಒಂದು ಹಳೆಯ ಮೂರು ಪಿನ್ನಿನ ಪ್ಲಗ್ಗಿತ್ತು. ಕಪ್ಪು ಬಣ್ಣದ್ದು.

"ಬುಧವಾರ ನಾನು ಬಿಚ್ಚಿ ಹಾಕಿದ್ದು ಇದು. ಗುರುವಾರ ಮಧ್ಯಾಹ್ನ ಸಾರ್ ಫೋನ್ ಮಾಡಿ, ಗುಂಡಿ ಮುಟ್ಟಿದ್ರೆ ಕೈಯೆಲ್ಲಾ ಜುಮ್ ಅಂತದಲ್ಲೋ ಅಂದ್ರು. ನನ್ನ ಜೀವ ಬಾಯಿಗೆ ಬಂತು. ಶಾಮಿಯಾನದಲ್ಲಿ ಎಷ್ಟು ಸಲ ಹೊಡೆಸ್ಕೊಂಡಿಲ್ಲ ನಾನು! ತಕ್ಷಣ ಓಡಿ ಹೋದೆ. ಸಾರ್ ಅಷ್ಟೊತ್ತಿಗೆ ಬ್ಯಾಂಕಿಗೆ ಹೋಗಿದ್ರು. ಯಾರೂ ಸಿಕ್ಕಿಸಬಾರದು ಅಂತ ಪ್ಲಗ್ಗೇ ಬಿಚ್ಚಿ ಜೇಬಿಗೆ ಹಾಕ್ಕೊಂಡು ಬಂದೆ. ಬರೀ ವೈರು ಬಿಟ್ಟೆ. ಸೋಮವಾರ ಬಂದು ಹೊಸ ವೈರೇ ಎಳೆದು, ಅರ್ಥ್ ಸರಿಯಾಗಿ ಕೊಡ್ತೀನಿ, ಅಲ್ಲಿವರೆಗೂ ಮುಟ್ಟಬೇಡಿ ಅಂತ ಹೇಳಿ ಬಂದೆ."

ವನಜಮ್ಮ ಕಪ್ಪು ಪ್ಲಗ್ಗನ್ನು ನೋಡಿದರು. ಫೋನಿನಲ್ಲಿದ್ದ ಬಿಳಿಯ ಪ್ಲಗ್ಗನ್ನು ನೋಡಿದರು.

ಕಚ್ಚಿದವನು ಗಂಗರಾಜು. ಆದರೆ ಆ ಕಚ್ಚಿದ ತುದಿಗಳನ್ನು ಮತ್ತೊಂದು ಪ್ಲಗ್ಗಿಗೆ ಹಾಕಿ ಬಿಗಿದವರು ಬೇರೆ.

"ಯಾರಿಗೆ ಹೇಳಿ ಬಂದೆ? ಕರಿಸಿದ್ದಪ್ಪನವರು ಮನೇಲಿ ಇರಲಿಲ್ಲ ಅಂದ್ಯಲ್ಲ."

ಗಂಗರಾಜು ಪ್ಲಗ್ಗನ್ನು ಅಂಗೈಯಲ್ಲಿ ತಿರುಗಿಸತೊಡಗಿದ.

"ಗಂಗರಾಜು."

"ಮಾಲಿನಿಗೆ ಅಕ್ಕ. ಅವತ್ತು ಪರೀಕ್ಷೆ ಡ್ಯೂಟಿ ಮುಗಿಸಿ ಬೇಗ ಬಂದಿದ್ಳು. ಬಾಗಿಲಲ್ಲಿ ನಿಂತು ಹೇಳ್ದೆ. ಹೂಂ ಮಾಮ ಅಂದ್ಳು. ಆಮೇಲೆ ಪೊಲೀಸ್ನೋರ ಮುಂದೆ, ಯಾರೂ ಮುಟ್ಟಿಲ್ಲ ಅಂದಳಂತೆ. ನಾನೇನು ತಿಳ್ಕೋಬೇಕು? ಅಪ್ಪಂಗೆ ಹೇಳೋದು ಮರೆತಿರ್ಬೇಕು, ಆ ಮಗು. ಅವಳಮ್ಮ ಹೋದಾಗಿಂದ ನನ್ನ ಹೆಂಡ್ತಿ ಕೈಲಿ ಜಡೆ ಹಾಕಿಸ್ಕೊಂಡು ಬೆಳೆದೋಳು. ನಾನು ಬಾಯಿ ಬಿಟ್ರೆ ನನ್ನ ಜೊತೆ ಅವಳೂ ಸಿಕ್ಕಾಕ್ಕೊತಾಳೆ. ನಾನು ಕತ್ತರಿಸಿದ್ದಕ್ಕೆ ಅವಳು ಯಾಕೆ ಕೋರ್ಟ್ ಮೆಟ್ಲು ಹತ್ತಬೇಕು?"

"ಅವಳು ಹತ್ತಬಾರದು ಅಂತ ರೇಣುಕಾಪ್ರಸಾದ್ ಹತ್ತಬೇಕಾ? ಅವನ ಹೆಂಡ್ತಿ ಸೀಲ್ ಹಾಕಿದ ಅಂಗಡಿ ಮುಂದೆ ನಿಂತು ಊರಿನೋರ ಬಾಯಲ್ಲಿ ಅನ್ನಿಸ್ಕೊತಾವ್ಳೆ ಕಣಯ್ಯ. ಅವಳಿಗೂ ಯಾರೋ ಒಬ್ಬರು ಜಡೆ ಹಾಕಿ ಬೆಳೆಸಿರ್ತಾರೆ."

ಮಾತು ಜೋರಾಗಿ ಬರಲಿಲ್ಲ. ಆದರೂ ಗಂಗರಾಜು ಏಟು ಬಿದ್ದವನಂತೆ ಕಣ್ಣು ಮುಚ್ಚಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು, ಮಾಲಿನಿ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಬಾಕ್ಸಿನ ಮೇಲಿಟ್ಟ.

"ಮಾಮ?" ಮಾಲಿನಿಯ ಧ್ವನಿ.

"ಮಗಾ, ವನಜಮ್ಮ ಅಂತ ಒಬ್ಬರು ಇಲ್ಲಿ ಕೂತವ್ರೆ. ನಾನು ಹಸಿರು ಕತ್ತರಿಸಿದ್ದು, ಗುರುವಾರ ಪ್ಲಗ್ ಬಿಚ್ಕೊಂಡು ಬಂದಿದ್ದು, ಎಲ್ಲಾ ಹೇಳ್ಬುಟ್ಟೆ. ನಿಂಗೆ ಹೇಳಿ ಬಂದಿದ್ದೂ ಹೇಳ್ದೆ. ಇನ್ನು ನನ್ನ ಕೈಲಾಗಲ್ಲ ಮಗಾ. ನೀನು ಬೈದ್ರೂ ಸರಿ."

ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಬಂತು.

"ನಿಮಗೋಸ್ಕರ ಸುಳ್ಳು ಹೇಳ್ದೆ ಮಾಮ," ಎಂದಳು ಮಾಲಿನಿ. "ನಿಮ್ಮ ಹೆಸರು ಬಂದ್ರೆ ಅತ್ತೆ ತಡೀತಾರಾ ಅಂತ."

ಗಂಗರಾಜು ಬಾಯಿಗೆ ಟವೆಲ್ ಒತ್ತಿಕೊಂಡ. ಹತ್ತೊಂಬತ್ತು ದಿನ ಅವನು ಅವಳಿಗಾಗಿ ಬಾಯಿ ಮುಚ್ಚಿಕೊಂಡಿದ್ದ, ಅವಳು ಅವನಿಗಾಗಿ ಬಾಯಿ ಮುಚ್ಚಿಕೊಂಡಿದ್ದಳು. ಇಬ್ಬರ ನಡುವೆ ಮೂರನೆಯವನೊಬ್ಬ ಸಿಕ್ಕಿ ನಲುಗುತ್ತಿದ್ದ.

"ಮಾಲಿನಿ, ನಾನು ವನಜಮ್ಮ. ಗಂಗರಾಜು ಹೇಳಿದ್ದನ್ನ ಅಪ್ಪಾಜಿಗೆ ಹೇಳೋದು ಮರೆತೆಯೇನಮ್ಮ?"

"ಮರೀಲಿಲ್ಲ ಮೇಡಂ. ಅಪ್ಪ ಬ್ಯಾಂಕಿಂದ ಬಂದ ತಕ್ಷಣ ಹೇಳ್ದೆ. ಶುಕ್ರವಾರ ಪೂರ್ತಿ ಅದನ್ನ ಮುಟ್ಟಲಿಲ್ಲ ಅವರು. ಹಾಡಿಲ್ಲ ಅಂತ ಮುಖ ಸಣ್ಣಗೆ ಮಾಡ್ಕೊಂಡು ಓಡಾಡಿದ್ರು, ಅಷ್ಟೇ."

"ಮತ್ತೆ ಭಾನುವಾರ ಆ ಬಿಳಿ ಪ್ಲಗ್ ಅದರಲ್ಲಿ ಹೆಂಗೆ ಬಂತು? ಹಾಕಿದ್ದು ನೀನಾ?"

"ನಾನಲ್ಲ."

"ಅಪ್ಪಾಜಿನೇ ಹಾಕ್ಕೊಂಡ್ರಾ?"

"ಅಪ್ಪಂಗೆ ಬಲ್ಬ್ ಹಾಕೋಕೂ ಭಯ ಮೇಡಂ. ಶನಿವಾರ ಸ್ಕೂಲಿಂದ ಬರೋಷ್ಟೊತ್ತಿಗೆ ಹಾಡು ಬೀದೀವರೆಗೂ ಕೇಳ್ತಿತ್ತು. ಗಾಬರಿಯಾಗಿ ಒಳಗೆ ಓಡಿದೆ. ಅಪ್ಪ ನಗ್ತಿದ್ರು. 'ಹೆದರ್ಕೋಬೇಡ ಕಣೇ, ಮಾಡಿದೋನೇ ಬಂದು ಎಲ್ಲಾ ನೋಡಿ, ಹೊಸ ಪ್ಲಗ್ ಹಾಕಿ, ಏನೂ ಆಗಲ್ಲ ಅಂತ ಹೇಳಿ ಹೋದ' ಅಂದ್ರು."

"ಮಾಡಿದೋನು ಅಂದ್ರೆ?"

"ರೇಣುಕಾಪ್ರಸಾದ್. ಅಪ್ಪ ಅವರ ಹೆಸರು ಹೇಳಿದ್ರು ಮೇಡಂ. ಟೀ ಲೋಟ ಎರಡು ಇನ್ನೂ ಟೇಬಲ್ ಮೇಲೇ ಇತ್ತು. ಇಲ್ಲದಿದ್ರೆ ಗುರುತು ಪರಿಚಯ ಇಲ್ಲದೋರ ಮೇಲೆ ನಾನು ಸುಮ್ನೆ ಯಾಕೆ ದೂರು ಕೊಡ್ಲಿ? ಪ್ಲಗ್ ವಿಷಯ ಬರೆಸಿದ್ರೆ ಮಾಮನ ಹೆಸರೂ ಬರ್ತಿತ್ತು. ಅದಕ್ಕೇ ಬರೀ ಡಬ್ಬಿ ಅಂತ ಬರೆಸಿದೆ."

ಗಂಗರಾಜು ತಲೆಯೆತ್ತಿ ವನಜಮ್ಮನ ಮುಖ ನೋಡಿದ. ವನಜಮ್ಮ ಫೋನನ್ನೇ ನೋಡುತ್ತಿದ್ದರು.

ಕೈಕೆಲಸ ಬಲ್ಲವನು ಆ ವೈರು ಕೈಗೆತ್ತಿಕೊಂಡರೆ ಹಸಿರು ಇಲ್ಲದಿರುವುದು ಕಣ್ಣಿಗೆ ಬೀಳದೇ ಇರುವುದಿಲ್ಲ. ಬಿದ್ದ ಮೇಲೂ ಪ್ಲಗ್ ಬಿಗಿದು, ಏನೂ ಆಗುವುದಿಲ್ಲ ಎಂದು ಹೇಳಿ, ಟೀ ಕುಡಿದು ಹೋದನೇ? ಅಥವಾ ಅವನ ಹೆಸರಿನಲ್ಲಿ ಬೇರೆ ಯಾರಾದರೂ ಬಂದು ಹೋದರೇ? ಆದರೆ ಕರಿಸಿದ್ದಪ್ಪನವರು ಅವನನ್ನು ಬಲ್ಲವರು; ಬೇರೆಯವರನ್ನು ಅವನೆಂದು ತಿಳಿಯುವವರಲ್ಲ.

"ಅಕ್ಕ," ಗಂಗರಾಜು ಮೆಲ್ಲಗೆ ಹೇಳಿದ, "ನೀವು ಬರೆದುಕೊಡು ಅಂದಿದ್ದನ್ನ ಬರೆದುಕೊಡ್ತೀನಿ. ಅದರಲ್ಲಿ ಹಿಂದೆ ಸರಿಯಲ್ಲ. ಯಾವ ಭಾಷೇಲಾದ್ರೂ ಬರೀರಿ, ಸಹಿ ಹಾಕ್ತೀನಿ."

ವನಜಮ್ಮ ಚೀಲದಿಂದ ಬಿಳಿಹಾಳೆ ತೆಗೆದು, ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದರು. ಬುಧವಾರದ್ದು, ಗುರುವಾರದ್ದು. ಅವನು ಓದಿಸಿ ಕೇಳಿ, ಎರಡು ಕಡೆ ತಿದ್ದಿಸಿ, ಕೆಳಗೆ ನಿಧಾನವಾಗಿ ಸಹಿ ಮಾಡಿದ. ಕಪ್ಪು ಪ್ಲಗ್ಗನ್ನು ಒಂದು ಕವರಿಗೆ ಹಾಕಿ ಕೊಟ್ಟ.

ಹೊರಗೆ ಬಂದು ರೇಣುಕಾಪ್ರಸಾದನಿಗೆ ಫೋನ್ ಮಾಡಿದರು. ಎತ್ತಿದ್ದು ಕಾವ್ಯ.

"ಅವರಿಲ್ಲ ಮೇಡಂ. ನೀವು ಹೋದ ಹಿಂದೆಯೇ ಗಾಡಿ ತಗೊಂಡು ಹೋದ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ. ಫೋನೂ ಇಲ್ಲೇ ಬಿಟ್ಟವ್ರೆ."

"ಕಾವ್ಯ, ಒಂದೇ ಮಾತು ಕೇಳ್ತೀನಿ. ಆ ಶನಿವಾರ ಅವನು ಎಲ್ಲಿದ್ದ?"

ಕಾವ್ಯ ಫೋನ್ ಇಡಲಿಲ್ಲ. ಅವಳು ಅಳುತ್ತಿರುವುದು ವನಜಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು.

ಕುಣಿಗಲ್ಲಿನಲ್ಲಿ ಅವತ್ತು ಅವರಿಗೆ ಸಿಕ್ಕಿದ್ದು ಒಂದು ಸಹಿ, ಒಂದು ಕಪ್ಪು ಪ್ಲಗ್ಗು, ಮತ್ತು ಸ್ಟೀಲ್ ಡಬ್ಬಿ ಯಾರನ್ನೂ ಕೊಲ್ಲಲಿಲ್ಲ ಎಂಬುದಕ್ಕೆ ಸಾಕ್ಷಿ. ಹೋದದ್ದು ಒಂದೇ: ರೇಣುಕಾಪ್ರಸಾದ್ ತನಗೆ ಸುಳ್ಳು ಹೇಳಿಲ್ಲ ಎಂಬ ನಂಬಿಕೆ.